ಪುಟ್ಟ ಮಕ್ಕಳ ತರಗತಿಯಲ್ಲಿ ಕಾಟ ತಡೆಯುವುದು, ಅಕ್ಕರೆ ಕಲಿಸುವುದು: ಶಿಕ್ಷಕರಿಗೆ ಹಂತ ಹಂತದ ಮಾರ್ಗದರ್ಶಿ

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ದೊಡ್ಡ ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದ್ದೆ. ಎಡಗಡೆ ಮಕ್ಕಳ ಹೆಸರು, ಬಲಗಡೆ ನಕ್ಷತ್ರಗಳ ಸಾಲು. ಯಾರಿಗಾದರೂ ಸಹಾಯ ಮಾಡಿದರೆ ಒಂದು ನಕ್ಷತ್ರ. ಮೊದಲ ವಾರ ತರಗತಿಯೇ ಸ್ವರ್ಗ. ಒಂದು ಪೆನ್ಸಿಲ್ ಬಿದ್ದರೆ ಎತ್ತಿಕೊಡಲು ನಾಲ್ಕು ಕೈ ಮುಂದೆ ಬರುತ್ತಿದ್ದವು. ಮೂರನೇ ವಾರದ ಹೊತ್ತಿಗೆ ಎರಡು ಸಂಗತಿ ಕಣ್ಣಿಗೆ ಬಿದ್ದವು. ನಾನು ಬೋರ್ಡಿನ ಕಡೆ ತಿರುಗಿದ್ದಾಗ ಬಿದ್ದ ಪೆನ್ಸಿಲ್ ಬಿದ್ದಲ್ಲೇ ಇರುತ್ತಿತ್ತು. ಎರಡನೆಯದು ಇನ್ನೂ ಕಹಿ: ಹನ್ನೊಂದು ನಕ್ಷತ್ರ ಗಳಿಸಿ ಎಲ್ಲರಿಗಿಂತ ಮುಂದಿದ್ದ ಹುಡುಗನೇ, ಹಿಂದಿನ ಮೂಲೆಯ ಬೆಂಚಿನಲ್ಲಿ ಯಾರು ಕೂರಬಹುದು, ಯಾರು ಕೂರಬಾರದು ಎಂದು ದಿನವೂ ತೀರ್ಪು ಕೊಡುತ್ತಿದ್ದ. ಆ ತೀರ್ಪಿನಿಂದಾಗಿ ಒಬ್ಬಳು ಹುಡುಗಿ ಎರಡು ವಾರ ನಿಂತುಕೊಂಡೇ ಊಟದ ಡಬ್ಬಿ ತೆರೆದಿದ್ದಳು. ನನಗೆ ಗೊತ್ತೇ ಇರಲಿಲ್ಲ. ಉಳಿದ ಇಡೀ ತರಗತಿಗೆ ಗೊತ್ತಿತ್ತು.

ಚಾರ್ಟನ್ನು ಅಂದೇ ತೆಗೆದೆ. ಅದು ಯಾಕೆ ಕೈಕೊಟ್ಟಿತು ಎಂಬುದನ್ನು ಆಮೇಲೆ ಓದಿ ತಿಳಿದೆ. 1973ರಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದೆಂದರೆ ಪ್ರಾಣ ಎನ್ನುವಂಥ ಶಿಶುವಿಹಾರದ ಮಕ್ಕಳಿಗೆ, ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿ ನೋಡಿದರು. ಬಹುಮಾನ ಮುಗಿದ ಮೇಲೆ ಆ ಮಕ್ಕಳು ಬಣ್ಣದ ಪೆನ್ನು ಮುಟ್ಟುವುದೇ ಕಡಿಮೆಯಾಯಿತು. 2008ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ತೊಮಾಸೆಲ್ಲೊ ಇದನ್ನೇ ಸಹಾಯದ ವಿಷಯದಲ್ಲಿ ಪರೀಕ್ಷಿಸಿದರು. ಇಪ್ಪತ್ತು ತಿಂಗಳ ಕೂಸುಗಳು ಬಿದ್ದ ವಸ್ತುವನ್ನು ತಾವಾಗಿ ಎತ್ತಿಕೊಡುತ್ತವೆ. ಆದರೆ ಎತ್ತಿಕೊಟ್ಟಾಗಲೆಲ್ಲ ಆಟದ ಸಾಮಾನು ಕೊಡುತ್ತ ಹೋದರೆ, ಕೊಡುವುದು ನಿಂತ ಕೂಡಲೇ ಸಹಾಯವೂ ಇಳಿಯುತ್ತದೆ. ಅಂದರೆ ಅಕ್ಕರೆ ಮಕ್ಕಳಲ್ಲಿ ಮೊದಲೇ ಇದೆ. ಅದನ್ನು ಕೂಲಿ ಕೆಲಸ ಮಾಡಿಬಿಟ್ಟದ್ದು ನನ್ನ ಚಾರ್ಟ್.

ಮುಂದೆ ಬರೆದಿರುವುದು ನಾಲ್ಕರಿಂದ ಎಂಟು ವರ್ಷದ ಮಕ್ಕಳ ತರಗತಿಗಾಗಿ. ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಮೂರು ಸಲ ಸಿಕ್ಕರೆ ಸಾಕು. ವರ್ಷಕ್ಕೊಂದು ದಿನ ಬ್ಯಾನರ್ ಕಟ್ಟಿ ಪ್ರತಿಜ್ಞೆ ಹೇಳಿಸುವುದರಲ್ಲಿ ನನಗೆ ನಂಬಿಕೆಯಿಲ್ಲ.

ಮೊದಲು: ಜಗಳ ಬೇರೆ, ಕಾಟ ಬೇರೆ

ಇಬ್ಬರು ಒಂದೇ ಕ್ರೇಯಾನಿಗಾಗಿ ಕಿತ್ತಾಡಿದರೆ ಅದು ಜಗಳ. ಇಬ್ಬರಿಗೂ ಬೇಕು, ಇಬ್ಬರಿಗೂ ಬಾಯಿದೆ, ಐದು ನಿಮಿಷದಲ್ಲಿ ಇಬ್ಬರೂ ಮರೆಯುತ್ತಾರೆ. ಕಾಟ ಹಾಗಲ್ಲ. ನಾರ್ವೆಯಲ್ಲಿ ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಡಾನ್ ಓಲ್ವೇಯಸ್ ಅದಕ್ಕೆ ಮೂರು ಗುರುತು ಹೇಳಿದ್ದಾರೆ: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಮತ್ತು ಎದುರು ನಿಲ್ಲಲಾಗದವರನ್ನು ಆರಿಸಿ ನೋಯಿಸುವುದು. ಬಲವೆಂದರೆ ಮೈಕಟ್ಟು ಮಾತ್ರವಲ್ಲ. ಹೆಚ್ಚು ಗೆಳೆಯರಿರುವುದು ಬಲ. ಮಾತು ಚುರುಕಾಗಿರುವುದು ಬಲ. ಟೀಚರಿಗೆ ಅಚ್ಚುಮೆಚ್ಚಾಗಿರುವುದೂ ಬಲವೇ.

ಹೊಡೆತ, ತಳ್ಳಾಟ ನಮ್ಮ ಕಣ್ಣಿಗೆ ಬೀಳುತ್ತವೆ. ಬೀಳದೆ ಹೋಗುವುದು ಇನ್ನೊಂದು ಜಾತಿಯದು: 'ಅವಳ ಜೊತೆ ಎಲ್ಲರೂ ಟೂ ಬಿಡ್ರೋ', 'ಇವನನ್ನ ಸೇರಿಸ್ಕೊಂಡ್ರೆ ನಾನು ಆಡಲ್ಲ', 'ನನ್ನ ಬರ್ತ್‌ಡೇಗೆ ನಿನ್ನ ಕರೆಯಲ್ಲ'. ನಿಕಿ ಕ್ರಿಕ್ ಮತ್ತು ಜೆನಿಫರ್ ಗ್ರಾಟ್‌ಪೀಟರ್ 1995ರಲ್ಲಿ ಈ ಬಗೆಯ, ಅಂದರೆ ಗೆಳೆತನವನ್ನೇ ಆಯುಧ ಮಾಡಿಕೊಳ್ಳುವ ಕಾಟದ ಬಗ್ಗೆ ಬರೆದರು. ಇದು ಶಿಶುವಿಹಾರದ ವಯಸ್ಸಿನಲ್ಲೇ ಶುರುವಾಗುತ್ತದೆ ಎಂದು ಮುಂದಿನ ಅಧ್ಯಯನಗಳಲ್ಲಿ ಕಂಡುಬಂತು. ಗಾಯ ಕಾಣುವುದಿಲ್ಲ, ಸದ್ದೂ ಇಲ್ಲ. ಹಾಗಾಗಿ 'ಮಕ್ಕಳಾಟ' ಎಂದು ಬಿಟ್ಟುಬಿಡುತ್ತೇವೆ.

ಇನ್ನೊಂದು ಮಾತು. ಈ ವಯಸ್ಸಿನಲ್ಲಿ ಪಾತ್ರಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಈ ವಾರ ಕಾಟ ಕೊಟ್ಟವನು ಮುಂದಿನ ವಾರ ಕಾಟ ತಿನ್ನುತ್ತಾನೆ. ಆದ್ದರಿಂದ ಯಾವ ಮಗುವಿಗೂ 'ಪುಂಡ', 'ರೌಡಿ', 'ಪಾಪದವಳು' ಎಂಬ ಪಟ್ಟ ಕಟ್ಟಬೇಡಿ. ಸ್ಟಾಫ್ ರೂಮಿನಲ್ಲೂ ಬೇಡ. ಅಲ್ಲಿ ಕಟ್ಟಿದ ಪಟ್ಟ ಮುಂದಿನ ತರಗತಿಯ ಟೀಚರ್ ಕಿವಿಗೆ ಮಗುವಿಗಿಂತ ಮೊದಲೇ ತಲುಪಿರುತ್ತದೆ.

ಹಂತ 1: ಒಂದು ವಾರ ಸುಮ್ಮನೆ ನೋಡಿ

ಯಾವ ಚಟುವಟಿಕೆಯನ್ನೂ ಶುರು ಮಾಡುವ ಮುನ್ನ ಒಂದು ವಾರ ಬರೀ ನೋಡುವುದಕ್ಕೆ ಇಡಿ. ತರಗತಿ ಮತ್ತು ಆಟದ ಬಯಲಿನ ಒಂದು ಒರಟು ನಕ್ಷೆ ಬರೆದುಕೊಳ್ಳಿ. ದಿನಕ್ಕೆ ಮೂರು ಸಲ, ಬೆಳಿಗ್ಗೆ ಬರುವಾಗ, ಊಟದ ಬಿಡುವಿನಲ್ಲಿ, ಸಾಲು ಕಟ್ಟುವಾಗ, ಐದೈದು ನಿಮಿಷ ನಿಂತು ನೋಡಿ. ಯಾರು ಒಬ್ಬರೇ ಇದ್ದಾರೆ? ಯಾರು ಬಂದ ಕೂಡಲೇ ಉಳಿದವರು ಮಾತು ನಿಲ್ಲಿಸುತ್ತಾರೆ? ಯಾರು ಯಾವಾಗಲೂ ಚೆಂಡು ತರುವವರು, ಯಾರು ಯಾವಾಗಲೂ ಒದೆಯುವವರು? ಕಂಡದ್ದನ್ನು ಮಾತ್ರ ಬರೆಯಿರಿ, ತೀರ್ಮಾನ ಬರೆಯಬೇಡಿ. 'ಹಟಮಾರಿ' ಅನ್ನುವುದು ತೀರ್ಮಾನ. 'ಸಾಲಿನಲ್ಲಿ ಎರಡು ಸಲ ಮುಂದಿನವನ ಬ್ಯಾಗ್ ಎಳೆದ' ಅನ್ನುವುದು ಕಂಡದ್ದು.

ವಾರದ ಕೊನೆಗೆ ಅದೇ ನಕ್ಷೆಯ ಒಂದೊಂದು ಪ್ರತಿ ಮಕ್ಕಳಿಗೆ ಕೊಟ್ಟು ಬಣ್ಣ ಹಚ್ಚಲು ಹೇಳಿ. 'ಇಲ್ಲಿ ನನಗೆ ಖುಷಿ' ಎನ್ನುವ ಜಾಗಕ್ಕೆ ಹಸಿರು, 'ಇಲ್ಲಿಗೆ ಹೋಗಲು ನನಗಿಷ್ಟವಿಲ್ಲ' ಎನ್ನುವ ಜಾಗಕ್ಕೆ ಕೆಂಪು. ಹೆಸರು ಬರೆಯುವುದು ಬೇಡ, ಪಕ್ಕದವರದು ನೋಡುವುದು ಬೇಡ. ಎಲ್ಲ ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ ಕೆಂಪು ಸಾಮಾನ್ಯವಾಗಿ ಎರಡು ಮೂರು ಜಾಗದಲ್ಲೇ ಗುಡ್ಡೆಯಾಗಿರುತ್ತದೆ: ಶೌಚಾಲಯದ ಹಾದಿ, ಮೆಟ್ಟಿಲ ಕೆಳಗೆ, ಕೈತೊಳೆಯುವ ನಲ್ಲಿಯ ಹತ್ತಿರ. ದೊಡ್ಡವರ ಕಣ್ಣು ತಲುಪದ ಜಾಗಗಳಿವು. ಇವುಗಳ ಮದ್ದು ನೀತಿಪಾಠವಲ್ಲ. ಅಲ್ಲೊಬ್ಬ ದೊಡ್ಡವರು ನಿಲ್ಲಬೇಕು, ಅಥವಾ ಮಕ್ಕಳನ್ನು ನಾಲ್ಕು ನಾಲ್ಕಾಗಿ ಕಳಿಸಬೇಕು. ಅರ್ಧ ಸಮಸ್ಯೆ ಇಲ್ಲೇ ಇಳಿಯುತ್ತದೆ. ನನ್ನ ತರಗತಿಯ ನಕ್ಷೆಯಲ್ಲಿ ಅತಿ ಗಾಢ ಕೆಂಪು ಇದ್ದದ್ದು ಆ ಮೂಲೆಯ ಬೆಂಚಿಗೆ.

ಇದರ ಜೊತೆ ಒಬ್ಬೊಬ್ಬರನ್ನೇ ಹತ್ತಿರ ಕರೆದು ಒಂದೇ ಪ್ರಶ್ನೆ ಕೇಳಿ: 'ನಿನಗೆ ಯಾರ ಜೊತೆ ಆಡಲು ಇಷ್ಟ? ಮೂರು ಜನರ ಹೆಸರು ಹೇಳು.' ಯಾರು ಯಾರನ್ನು ಆರಿಸಿದರು ಎಂದು ಬಾಣಗಳಲ್ಲಿ ಬರೆದು ನೋಡುವ ಈ ಪದ್ಧತಿಯನ್ನು ಜೇಕಬ್ ಮೊರೆನೊ 1930ರ ದಶಕದಲ್ಲೇ ರೂಪಿಸಿದ್ದರು. ಯಾರ ಬಾಯಲ್ಲೂ ಬಾರದ ಹೆಸರುಗಳು ನಿಮ್ಮ ಕಣ್ಣೆದುರಿಗೆ ಬರುತ್ತವೆ. 'ಯಾರು ಇಷ್ಟವಿಲ್ಲ?' ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಆಟದ ಬಯಲಿಗೆ ಹೋಗಿ ಹೊಸ ಆಟವಾಗಿಬಿಡುತ್ತದೆ. ಹಾಳೆಯನ್ನು ಬೀಗ ಹಾಕಿ ಇಡಿ.

ಹಂತ 2: ಹೆಸರು

ಇದು ಚಿಕ್ಕ ಕೆಲಸ, ಬಿಡುವಂತಿಲ್ಲ. ಬೆಳಿಗ್ಗೆ ವೃತ್ತವಾಗಿ ಕೂತು ಪ್ರತಿ ಮಗುವೂ ಪಕ್ಕದವರ ಹೆಸರು ಹಿಡಿದು, ಮುಖ ನೋಡಿ ಮಾತಾಡಿಸಲಿ. ಕೈಕುಲುಕುವುದೋ, ನಮಸ್ಕಾರವೋ, ಬರೀ ನಗುವೋ, ಮಗುವೇ ಆರಿಸಲಿ. ಮುಟ್ಟಿದರೆ ಮುದುಡುವ ಮಕ್ಕಳಿರುತ್ತಾರೆ. ಜೊತೆಗೆ ಒಂದೇ ಒಂದು ನಿಯಮ: ಹೆಸರಿನ ಒಡೆಯರು ಒಪ್ಪಿದ ಹೆಸರನ್ನೇ ಕರೆಯಬೇಕು. 'ಡುಮ್ಮ', 'ಕಡ್ಡಿ', 'ಕನ್ನಡಕ' ಎಂಬ ಅಡ್ಡಹೆಸರಿಗೆ ಮಗು ನಕ್ಕರೆ ಒಪ್ಪಿದೆ ಎಂದು ಅರ್ಥವಲ್ಲ. ಬೇರೆ ದಾರಿ ಕಾಣದೆ ನಗುವುದೂ ಉಂಟು. ನೀವೂ ಪ್ರೀತಿಯಿಂದಲೇ ಆದರೂ ಅಡ್ಡಹೆಸರು ಬಳಸಬೇಡಿ. ಟೀಚರ್ ಕರೆದದ್ದು ಹತ್ತು ನಿಮಿಷದಲ್ಲಿ ಮೂವತ್ತು ಬಾಯಿಗೆ ಹೋಗುತ್ತದೆ.

ಹಂತ 3: ಒಳಗಿನ ಹವಾಮಾನಕ್ಕೆ ಪದ ಕೊಡಿ

ಐದು ವರ್ಷದ ಮಗುವನ್ನು 'ಹೇಗನ್ನಿಸ್ತು?' ಎಂದು ಕೇಳಿದರೆ ಸಿಗುವ ಉತ್ತರ ಎರಡೇ: ಖುಷಿ, ಸಿಟ್ಟು. ಹೊಟ್ಟೆಕಿಚ್ಚೂ ಸಿಟ್ಟು, ಅವಮಾನವೂ ಸಿಟ್ಟು, ಗಾಬರಿಯೂ ಸಿಟ್ಟು. ಪದವಿಲ್ಲದಾಗ ಕೈ ಮಾತಾಡುತ್ತದೆ. ವಾರಕ್ಕೊಂದು ಪದ ಆರಿಸಿ: ಬೇಜಾರು, ನಾಚಿಕೆ, ಹೊಟ್ಟೆಕಿಚ್ಚು, ಗಲಿಬಿಲಿ, ಅವಮಾನ, ನಿರಾಸೆ, ಹೆಮ್ಮೆ, ನಿರಾಳ. ಮೊದಲು ನೀವು ಮುಖ ಮಾಡಿ ತೋರಿಸಿ, ಮಕ್ಕಳು ಊಹಿಸಲಿ. ಆಮೇಲೆ 'ಇದು ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ?' ಎಂದು ಕೇಳಿ. ಹೊಟ್ಟೆಯಲ್ಲಿ ಚಿಟ್ಟೆ ಎನ್ನುವವರು ಕೆಲವರು, ಕಿವಿ ಬಿಸಿ ಎನ್ನುವವರು ಕೆಲವರು. ಒಬ್ಬ ಹುಡುಗ 'ಸಿಟ್ಟು ಬಂದ್ರೆ ನನ್ನ ಹಲ್ಲು ದೊಡ್ಡದಾಗುತ್ತೆ' ಅಂದಿದ್ದ. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಪದಗಳು ಬಂದ ಮೇಲೆ ಮುಂದಿನದು: ನನಗೆ ಅನ್ನಿಸಿದ್ದೇ ಇನ್ನೊಬ್ಬರಿಗೂ ಅನ್ನಿಸಬೇಕಿಲ್ಲ ಎಂಬ ತಿಳಿವಳಿಕೆ. ಇದು ಹುಟ್ಟಿನಿಂದ ಬಂದಿರುವುದಿಲ್ಲ. ಹೈಂಜ್ ವಿಮರ್ ಮತ್ತು ಜೋಸೆಫ್ ಪರ್ನರ್ 1983ರಲ್ಲಿ ಮಕ್ಕಳಿಗೊಂದು ಕಥೆ ಹೇಳಿದರು. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ, ಅವನಿಲ್ಲದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಇಡುತ್ತಾಳೆ. ಅವನು ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದವರು ಹೊಸ ಜಾಗವನ್ನೇ ತೋರಿಸಿದರು, ಏಕೆಂದರೆ ಅದು ತಮಗೆ ಗೊತ್ತು. ನಾಲ್ಕು ದಾಟಿದ ಮೇಲೆ 'ಪಾಪ, ಅವನಿಗೆ ಗೊತ್ತಿಲ್ವಲ್ಲ' ಎಂಬುದು ನಿಧಾನವಾಗಿ ಹೊಳೆಯುತ್ತದೆ.

ಇದನ್ನು ತರಗತಿಯಲ್ಲಿ ಬೊಂಬೆ, ಚೆಂಡು ಮತ್ತು ಎರಡು ಬುಟ್ಟಿ ಇಟ್ಟು ಆಡಿಸಿ. ಆಟ ಅರ್ಥವಾದ ಮೇಲೆ ಅದನ್ನೇ ಸ್ವಲ್ಪ ತಿರುಗಿಸಿ. ಮೊಲ ಏನೋ ಜೋಕಿಗೆ ನಗುತ್ತಿದೆ, ಅಷ್ಟರಲ್ಲಿ ಅಳಿಲು ಕಾಲು ಜಾರಿ ಬೀಳುತ್ತದೆ. 'ಮೊಲ ಯಾಕೆ ನಕ್ಕಿತು? ಅಳಿಲು ಏನಂದುಕೊಂಡಿತು? ಈಗ ಮೊಲ ಏನು ಹೇಳಿದರೆ ಅಳಿಲಿಗೆ ಗೊತ್ತಾಗುತ್ತೆ?' ಬಯಲಿನಲ್ಲಿ ಆಗುವ ಹೊಡೆದಾಟಗಳಲ್ಲಿ ಎಷ್ಟೋ ಈ ಮೂರು ಪ್ರಶ್ನೆಗಳ ನಡುವೆಯೇ ಹುಟ್ಟಿರುತ್ತವೆ.

ಹಂತ 4: ನೋಡುತ್ತ ನಿಂತವರಿಗೆ ಮಾತು ಕಲಿಸಿ

ಎಲ್ಲ ಬಿಟ್ಟು ಒಂದನ್ನೇ ಮಾಡಲು ಸಮಯವಿದೆ ಎಂದಾದರೆ ಇದನ್ನು ಮಾಡಿ.

ಕಾಟ ಇಬ್ಬರ ನಡುವಿನದು ಎಂದುಕೊಳ್ಳುತ್ತೇವೆ. ಅಲ್ಲ. ಕ್ರಿಸ್ಟೀನಾ ಸಾಲ್ಮಿವಾಲ್ಲಿ ಮತ್ತು ಸಂಗಡಿಗರು 1996ರಲ್ಲಿ ತರಗತಿಯ ಪಾತ್ರಗಳನ್ನು ಬಿಡಿಸಿ ತೋರಿಸಿದರು: ಕಾಟ ಕೊಡುವವರು, ಅವರಿಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಪಕ್ಕಕ್ಕೆ ಸರಿಯುವವರು, ಕಾಪಾಡುವವರು, ಕಾಟ ತಿನ್ನುವವರು. ಈ ತಿಳಿವಳಿಕೆಯ ಮೇಲೆ ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಕಾಟ ತಡೆಯುವ 'ಕಿವಾ' ಕಾರ್ಯಕ್ರಮ ಹುಟ್ಟಿತು, 2009ರಿಂದ ಆ ದೇಶದ ಬಹುಪಾಲು ಶಾಲೆಗಳಿಗೆ ಹರಡಿತು. ಕೆನಡಾದಲ್ಲಿ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತು ಜೊತೆಗಾರರು ಆಟದ ಬಯಲಿನಲ್ಲಿ ವೀಡಿಯೊ ಮತ್ತು ಪುಟ್ಟ ಮೈಕ್ ಇಟ್ಟು ಚಿತ್ರಿಸಿದ ಪ್ರಸಂಗಗಳು 2001ರಲ್ಲಿ ಪ್ರಕಟವಾದವು. ಅವುಗಳಲ್ಲಿ 88 ಶೇಕಡಾ ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ನಡುವೆ ಬಂದದ್ದು 19 ಶೇಕಡಾದಲ್ಲಿ ಮಾತ್ರ. ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಕಾಟ ಹತ್ತು ಸೆಕೆಂಡಿನೊಳಗೆ ನಿಂತಿತು.

ಹತ್ತು ಸೆಕೆಂಡು. ನಾವು ಸ್ಟಾಫ್ ರೂಮಿನಿಂದ ಬಾಗಿಲವರೆಗೆ ಬರುವುದಕ್ಕೂ ಅದಕ್ಕಿಂತ ಹೆಚ್ಚು ಬೇಕು.

ಹಾಗಾದರೆ ಉಳಿದವರು ಸುಮ್ಮನಿದ್ದದ್ದೇಕೆ? ಮನಸ್ಸಿಲ್ಲದೆ ಅಲ್ಲ. ಏನು ಹೇಳಬೇಕೆಂದು ಗೊತ್ತಿಲ್ಲದೆ, ಮುಂದಿನ ಸರದಿ ತಮ್ಮದಾದೀತೆಂಬ ಅಂಜಿಕೆಯಿಂದ. ಆದ್ದರಿಂದ 'ಧೈರ್ಯವಾಗಿರಿ' ಎಂದರೆ ಪ್ರಯೋಜನವಿಲ್ಲ. ಬಾಯಿಗೆ ಮಾತು ಇಡಬೇಕು, ಅದು ನಾಲಿಗೆಗೆ ಒಗ್ಗುವವರೆಗೆ ಆಡಿಸಬೇಕು. ನಾನು ಕಲಿಸುವುದು ಮೂರು ಮಾತು:

'ಬೇಡ, ಹಾಗೆ ಮಾಡ್ಬೇಡ.' ಕಾಟ ಕೊಡುವವರಿಗೆ.
'ಬಾ, ನನ್ನ ಜೊತೆ ಆಡು.' ಕಾಟ ತಿನ್ನುತ್ತಿರುವವರಿಗೆ.
'ಟೀಚರ್, ಅಲ್ಲಿಗೆ ಬನ್ನಿ.' ದೊಡ್ಡವರಿಗೆ.

ಮೊದಲನೆಯದು ಎಲ್ಲರಿಗೂ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ಅಂಜುಬುರುಕ ಮಕ್ಕಳಿಗೆ ಎರಡನೆಯದು ಬಂಗಾರ. ಕಾಟ ಕೊಡುವವರ ಮುಖ ನೋಡುವುದೂ ಬೇಡ. ಕೈ ಹಿಡಿದು ಆಚೆ ಕರೆದೊಯ್ದರೆ ಮುಗಿಯಿತು.

ಆಡಿಸುವುದು ಬೊಂಬೆಗಳಿಂದ. ಕಾಲುಚೀಲದ ಬೊಂಬೆ ಸಾಕು. ಆನೆ ದಿನವೂ ಅಳಿಲಿನ ಟೋಪಿ ಕಿತ್ತುಕೊಳ್ಳುತ್ತದೆ, ಮೊಲ ಮತ್ತು ಆಮೆ ನೋಡುತ್ತಿವೆ. ನೀವು ಆನೆ ಮತ್ತು ಅಳಿಲು ಆಗಿ. ಮಕ್ಕಳು ಸರದಿಯಲ್ಲಿ ಬಂದು ಮೊಲವೋ ಆಮೆಯೋ ಆಗಲಿ. ಇಲ್ಲಿ ಎರಡು ಕಟ್ಟುನಿಟ್ಟು. ಯಾವ ಮಗುವಿನ ಕೈಗೂ ಆನೆಯನ್ನು ಕೊಡಬೇಡಿ. ಕಾಟದ ಅಭ್ಯಾಸ ಮಾಡಿಸಲು ನಾವು ಕೂತಿಲ್ಲ, ಮೇಲಾಗಿ ಆ ಪಾತ್ರದಲ್ಲಿ ನಗು ಜಾಸ್ತಿ ಸಿಗುತ್ತದೆ. ಎರಡನೆಯದು, ನಿಜವಾಗಿ ನಡೆದ ಘಟನೆಯನ್ನು ಬೊಂಬೆಗೆ ಹಾಕಬೇಡಿ. ಹಾಕಿದರೆ ಮಕ್ಕಳು ಬೊಂಬೆ ಬಿಟ್ಟು ಆ ಮಗುವಿನ ಕಡೆ ತಿರುಗಿ ನೋಡುತ್ತಾರೆ. ನನ್ನಿಂದ ಒಮ್ಮೆ ಈ ತಪ್ಪಾಗಿದೆ. ಮೂವತ್ತು ಕತ್ತುಗಳು ಒಟ್ಟಿಗೆ ಹೊರಳಿದ್ದನ್ನು ಮರೆಯಲಾರೆ.

ಅದೇ ಮಾತನ್ನು ಪಿಸುಮಾತಿನಲ್ಲಿ, ಕಿರುಚಿ, ಆಮೆಯ ದನಿಯಲ್ಲಿ, ಕೊನೆಗೆ 'ನೇರ ಬೆನ್ನಿನ ದನಿ'ಯಲ್ಲಿ ಹೇಳಿಸಿ. ಯಾವುದು ಕೇಳಿಸಿತು, ಯಾವುದು ಜಗಳಕ್ಕೆ ಕರೆದಂತಿತ್ತು ಎಂದು ಮಕ್ಕಳೇ ಹೇಳುತ್ತಾರೆ. ಒಂದೆರಡು ವಾರ ಮಾಡಿ ನಿಲ್ಲಿಸಿದರೆ ಏನೂ ಉಳಿಯುವುದಿಲ್ಲ. ಮಗ್ಗಿಯಂತೆ ಮತ್ತೆ ಮತ್ತೆ ಬರಬೇಕು.

'ಟೀಚರ್, ಅಲ್ಲಿಗೆ ಬನ್ನಿ' ಎನ್ನುವುದಕ್ಕೆ ಒಂದು ಅಡ್ಡಿಯಿದೆ: ಚಾಡಿ ಎಂಬ ಪದ. ನಾವೇ ಎಷ್ಟು ಸಲ 'ಚಾಡಿ ಹೇಳ್ಬೇಡ, ಹೋಗಿ ಕೂತ್ಕೊ' ಎಂದಿಲ್ಲ? ವ್ಯತ್ಯಾಸವನ್ನು ಹೀಗೆ ಹೇಳಿಕೊಡಿ: ಒಬ್ಬರಿಗೆ ಬೈಸಬೇಕೆಂದು ಹೇಳುವುದು ಚಾಡಿ, ಒಬ್ಬರಿಗೆ ನೋವಾಗದಿರಲೆಂದು ಹೇಳುವುದು ಸಹಾಯ. ಆರು ಸಣ್ಣ ಪ್ರಸಂಗ ಓದಿ, ಚಾಡಿಯಾದರೆ ಕೂತಿರಲಿ, ಸಹಾಯವಾದರೆ ನಿಲ್ಲಲಿ. 'ಅವಳು ಎರಡು ಸಲ ಬಣ್ಣ ಬಳಸಿದಳು', 'ಅವನನ್ನು ಶೌಚಾಲಯದೊಳಗೆ ಇಟ್ಟು ಚಿಲಕ ಹಾಕಿದ್ದಾರೆ', ಹೀಗೆ. ನಡುವೆ ಬೇಕೆಂದೇ ಒಂದು ಗೊಂದಲದ್ದನ್ನು ಸೇರಿಸಿ, ವಾದವಾಗಲಿ. ಮತ್ತೆ ನಿಮ್ಮ ಪಾಲು: ಗೊಂದಲವಿದ್ದಾಗ ಬಂದು ಹೇಳಿದ ಮಗುವನ್ನು ಗದರಿಸದಿರುವುದು. ಹತ್ತು ಚಾಡಿ ಕೇಳಿಸಿಕೊಂಡರೂ ನಷ್ಟವಿಲ್ಲ, ಹನ್ನೊಂದನೆಯದು ಚಿಲಕದ ಸುದ್ದಿಯಾಗಿರಬಹುದು.

ಹಂತ 5: ಆಟಕ್ಕೆ ಸೇರುವ ಕಲೆ

ಒಂಟಿಯಾಗಿ ನಿಲ್ಲುವ ಮಗುವಿಗೆ ನಾವು ಕೊಡುವ ಸಲಹೆ: 'ಹೋಗಿ ನಾನೂ ಬರ್ಲಾ ಅಂತ ಕೇಳು.' ಮಗು ಹೋಗಿ ಕೇಳುತ್ತದೆ. ಅವರು 'ಬೇಡ' ಅನ್ನುತ್ತಾರೆ. ಆ ಪ್ರಶ್ನೆಗೆ ಅದು ಅತಿ ಸುಲಭದ ಉತ್ತರ. ಮಾರ್ಥಾ ಪುಟಲ್ಲಾಜ್ ಮತ್ತು ಜಾನ್ ಗಾಟ್‌ಮನ್ 1981ರಲ್ಲಿ ಗಮನಿಸಿದ್ದು ಬೇರೆಯೇ. ಎಲ್ಲರಿಗೂ ಬೇಕಾದ ಮಕ್ಕಳು ಆಟ ಏನೆಂದು ನೋಡಿಕೊಂಡು ಅದರ ಓಟಕ್ಕೆ ತಮ್ಮನ್ನು ಹೊಂದಿಸಿಕೊಂಡು ಸೇರುತ್ತಾರೆ. ದೂರವಿಡಲ್ಪಡುವ ಮಕ್ಕಳು ತಮ್ಮ ಬಗ್ಗೆ ಮಾತು ತೆಗೆದು, ಇಲ್ಲವೇ ಆಟಕ್ಕೆ ತಡೆಯೊಡ್ಡಿ ಒಳಗೆ ಬರಲು ನೋಡುತ್ತಾರೆ.

ಇದನ್ನು 'ನಿಲ್ಲು, ನೋಡು, ಕೈಜೋಡಿಸು' ಎಂದು ಕಲಿಸಿ. ಮೂವರು ಬ್ಲಾಕ್‌ಗಳಿಂದ ಸೇತುವೆ ಕಟ್ಟುತ್ತಿದ್ದಾರೆ ಎನ್ನಿ. ಪಕ್ಕದಲ್ಲಿ ನಿಲ್ಲು. ಅವರಿಗೆ ಏನು ಬೇಕಾಗಿದೆ ನೋಡು. ಒಂದು ಬ್ಲಾಕ್ ಎತ್ತಿಕೊಟ್ಟು 'ಇದು ಈ ಕಡೆಗೆ ಆಗುತ್ತಾ?' ಎನ್ನು. ತರಗತಿಯಲ್ಲಿ ಮೂವರನ್ನು ಆಡಲು ಬಿಟ್ಟು ನಾಲ್ಕನೆಯವರು ಇದನ್ನು ಮಾಡಿ ತೋರಿಸಲಿ. ಎಲ್ಲರೂ ಒಮ್ಮೆ ನಾಲ್ಕನೆಯವರಾಗಬೇಕು, ಮುಖ್ಯವಾಗಿ ಸದಾ ನಡುವೆ ಇರುವವರು. ಹೊರಗೆ ನಿಂತು ನೋಡುವುದು ಹೇಗಿರುತ್ತದೆ ಎಂದು ಅವರಿಗೆ ಗೊತ್ತಾಗುವುದು ಆಗಲೇ.

ಒಳಗಿರುವವರಿಗೂ ನಿಯಮ ಬೇಕು: ಬಿಡುವಿನ ಆಟದಲ್ಲಿ 'ನೀನು ಬರಬೇಡ' ಎನ್ನುವ ಹಾಗಿಲ್ಲ. ಕೆಲವು ಸಹೋದ್ಯೋಗಿಗಳಿಗೆ ಇದು ಬಲವಂತ ಎನ್ನಿಸುತ್ತದೆ. ನನ್ನ ಉತ್ತರ ಇಷ್ಟೇ: ಗೆಳೆತನವನ್ನು ಯಾರೂ ಹೇರಲಾಗದು, ಆದರೆ ಬಯಲು ಎಲ್ಲರದ್ದು. ಯಾರು ಪ್ರಾಣಸ್ನೇಹಿತರು ಎಂಬುದನ್ನು ಮಕ್ಕಳು ತೀರ್ಮಾನಿಸಲಿ, ಯಾರು ಓಡಬಹುದು ಎಂಬುದನ್ನಲ್ಲ. ಗುಂಪು ಮಾಡುವಾಗ 'ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳಿ' ಎನ್ನುವ ಪದ್ಧತಿಯನ್ನು ಇವತ್ತೇ ನಿಲ್ಲಿಸಿ. ಕೊನೆಗೆ ಉಳಿಯುವ ಮಗು ಯಾರೆಂದು ನಿಮಗೂ ಗೊತ್ತು. ಬಣ್ಣದ ಚೀಟಿ ಎತ್ತಿಸಿ.

ಹಂತ 6: ಒಬ್ಬರಿಗೊಬ್ಬರು ಬೇಕಾಗುವ ಆಟಗಳು

1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳು ಒಂದೇ ತರಗತಿಗೆ ಬಂದು ಗಲಾಟೆಯಾದಾಗ ಮನೋವಿಜ್ಞಾನಿ ಎಲಿಯಟ್ ಅರಾನ್ಸನ್ ಪಾಠವನ್ನೇ ತುಂಡು ಮಾಡಿ ಹಂಚಿದರು. ಗುಂಪಿನ ಪ್ರತಿಯೊಬ್ಬರಿಗೂ ಒಂದು ತುಂಡು ಮಾತ್ರ ಗೊತ್ತು, ಪಕ್ಕದವರ ಮಾತು ಕೇಳದೆ ಪಾಠ ಪೂರ್ತಿಯಾಗದು. ಓದಲು ಬಾರದ ಪುಟಾಣಿಗಳಿಗೆ ಇದನ್ನೇ ಚಿತ್ರದಲ್ಲಿ ಮಾಡಿ. ದೊಡ್ಡ ಚಿತ್ರವನ್ನು ನಾಲ್ಕು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದು. ತುಂಡನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಾಯಲ್ಲಿ ಮಾತ್ರ ವಿವರಿಸಬೇಕು, ನಾಲ್ವರೂ ಸೇರಿ ಅದು ಯಾವ ಚಿತ್ರ ಎಂದು ಹೇಳಬೇಕು. ಮಾತು ಕಡಿಮೆ ಇರುವ ಮಗುವಿನ ಕೈಗೆ ಮುಖ್ಯ ತುಂಡು ಬರುವಂತೆ ನೋಡಿಕೊಳ್ಳಿ. ಆನೆಯ ಸೊಂಡಿಲು ಅವಳ ಹತ್ತಿರವೇ ಇದ್ದರೆ ಉಳಿದ ಮೂವರೂ ಅವಳ ಬಾಯಿಯನ್ನೇ ಕಾಯುತ್ತಾರೆ.

ಕುರ್ಚಿ ಆಟವನ್ನೂ ತಿರುಗಿಸಬಹುದು. ನೆಲಕ್ಕೆ ಹಳೆಯ ಪತ್ರಿಕೆಯ ಹಾಳೆಗಳನ್ನು ಹಾಸಿ. ಸಂಗೀತ ನಿಂತಾಗ ಎಲ್ಲರೂ ಹಾಳೆಯ ಮೇಲಿರಬೇಕು. ಪ್ರತಿ ಸುತ್ತಿಗೆ ಹಾಳೆ ಕಡಿಮೆಯಾಗುತ್ತದೆ, ಮಕ್ಕಳು ಕಡಿಮೆಯಾಗುವುದಿಲ್ಲ. ಯಾರೂ ಔಟಿಲ್ಲ. ಕೊನೆಯ ಎರಡು ಹಾಳೆಯ ಮೇಲೆ ಇಡೀ ತರಗತಿ ಒಬ್ಬರನ್ನೊಬ್ಬರು ಹಿಡಿದು ನಿಲ್ಲಲು ಪಡುವ ಪಾಡು ನೋಡುವಂತಿರುತ್ತದೆ.

ಹಂತ 7: ಗುಟ್ಟಿನ ಅಕ್ಕರೆ

ನಕ್ಷತ್ರದ ಚಾರ್ಟಿನ ಜಾಗಕ್ಕೆ ನಾನು ತಂದದ್ದು ಇದು. ಕೆನಡಾದ ವ್ಯಾಂಕೂವರಿನ 19 ತರಗತಿಗಳಲ್ಲಿ 9ರಿಂದ 11 ವರ್ಷದ ಮಕ್ಕಳಿಗೆ ನಾಲ್ಕು ವಾರ, ವಾರಕ್ಕೆ ಮೂರು ಸಲ, ಯಾರಿಗಾದರೂ ಒಳ್ಳೆಯದು ಮಾಡಲು ಹೇಳಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ತಾವು ಹೋಗಿ ಬಂದ ಚಂದದ ಜಾಗಗಳ ಲೆಕ್ಕವಿಟ್ಟ ಮಕ್ಕಳಿಗೂ ಇವರಿಗೂ ಖುಷಿಯಲ್ಲಿ ಅಷ್ಟು ವ್ಯತ್ಯಾಸವಿರಲಿಲ್ಲ. ಆದರೆ ಒಳ್ಳೆಯದು ಮಾಡಿದ ಮಕ್ಕಳನ್ನು ತಮ್ಮ ಗುಂಪಿಗೆ ಬೇಕು ಎನ್ನುವವರು ಹೆಚ್ಚು ಏರಿದ್ದರು.

ನನ್ನ ತರಗತಿಯಲ್ಲಿ ಸೋಮವಾರ ಚೀಟಿ ಎತ್ತುತ್ತೇವೆ. ಚೀಟಿಯಲ್ಲಿ ಒಂದು ಹೆಸರು ಅಥವಾ ಫೋಟೊ. ವಾರವಿಡೀ ಆ ಮಗುವಿಗೆ ಗೊತ್ತಾಗದ ಹಾಗೆ ಒಳ್ಳೆಯದು ಮಾಡಬೇಕು. ವಸ್ತು ಕೊಡುವಂತಿಲ್ಲ. ಏನು ಮಾಡಬಹುದೆಂದು ಮೊದಲೇ ಒಟ್ಟಿಗೆ ಯೋಚಿಸಿ: ಚಪ್ಪಲಿ ಜೋಡಿಸಿಡುವುದು, ನೀರಿನ ಬಾಟಲಿ ಎತ್ತಿಡುವುದು, ಬರೆದ ಚಿತ್ರದಲ್ಲಿ ಇಷ್ಟವಾದದ್ದನ್ನು ಹೇಳುವುದು. ಶುಕ್ರವಾರ 'ನಿನಗೆ ಈ ವಾರ ಏನು ಒಳ್ಳೆಯದಾಯಿತು?' ಎಂದು ಪಡೆದವರನ್ನು ಕೇಳಿ, ಮಾಡಿದವರನ್ನಲ್ಲ. ಮೆಚ್ಚುಗೆಯೂ ಕೆಲಸವನ್ನು ಹೆಸರಿಸಲಿ: 'ಜಾಣ ಹುಡುಗ' ಎನ್ನುವ ಬದಲು 'ನೀನು ಬಾಗಿಲು ಹಿಡಿದದ್ದಕ್ಕೆ ಅವಳ ಬೆರಳು ಉಳಿಯಿತು'. ಒಂದೆಚ್ಚರ: ಯಾರ ಚೀಟಿ ಯಾರ ಕೈ ಸೇರಿದೆ ಎಂದು ನಿಮಗೆ ಗೊತ್ತಿರಲಿ. ಕಾಟ ಕೊಡುತ್ತಿರುವ ಮಗುವಿಗೆ ಕಾಟ ತಿನ್ನುತ್ತಿರುವ ಮಗುವಿನ ಹೆಸರು ಹೋಗಕೂಡದು.

ಬಹಳ ಕಡೆ ಚಾಲ್ತಿಯಲ್ಲಿರುವ ಒಂದು ಚಟುವಟಿಕೆಯನ್ನು ನಾನು ಮಾಡಿಸುವುದಿಲ್ಲ. ಕಾಗದದ ಹೃದಯವನ್ನು ಬೈಗುಳ ಹೇಳುತ್ತ ಮುದುರಿ, ಆಮೇಲೆ ಬಿಡಿಸಿ 'ನೋಡಿ, ಸುಕ್ಕು ಹೋಗುವುದಿಲ್ಲ' ಎಂದು ತೋರಿಸುವುದು. ನೋಡುವವರ ಕಣ್ಣಲ್ಲಿ ನೀರು ಬರುತ್ತದೆ, ನಿಜ. ಆದರೆ ಆ ಕೋಣೆಯಲ್ಲಿ ಈಗಾಗಲೇ ಕಾಟ ತಿಂದ ಮಗು ಕೂತಿದೆ. ನೀನು ಇನ್ನು ಸರಿಹೋಗುವುದಿಲ್ಲ ಎಂದು ನಾವೇ ಅದಕ್ಕೆ ಹೇಳಿದಂತಾಯಿತು. ಅದು ಸುಳ್ಳು ಕೂಡ.

ಹಂತ 8: ಆದರೂ ಕಾಟ ನಡೆದಾಗ

ನಡೆದೇ ನಡೆಯುತ್ತದೆ. ಆಗ ಮಾಡಬೇಕಾದ್ದು ಈ ಕ್ರಮದಲ್ಲಿ.

ನಡುವೆ ಹೋಗಿ ನಿಲ್ಲಿ, ಸಣ್ಣ ಮಾತಿನಲ್ಲಿ ನಿಲ್ಲಿಸಿ: 'ಇದು ಇಲ್ಲಿಗೆ ನಿಲ್ಲಲಿ. ನಮ್ಮ ತರಗತಿಯಲ್ಲಿ ಯಾರ ಮೈಯನ್ನೂ ಅಣಕಿಸುವುದಿಲ್ಲ.' ಎಲ್ಲರೆದುರು ವಿಚಾರಣೆ ಬೇಡ. ನೊಂದ ಮಗುವಿನ ಜೊತೆ ಮೊದಲು ಮಾತಾಡಿ. 'ನೀನೇನು ಮಾಡಿದ್ದೆ?' ಎಂದು ಶುರು ಮಾಡಬೇಡಿ. 'ಹೇಳಿದ್ದು ಒಳ್ಳೆಯದಾಯಿತು. ಇದು ನಿನ್ನ ತಪ್ಪಲ್ಲ. ಈಗ ಏನಾದರೆ ನಿನಗೆ ಸ್ವಲ್ಪ ನಿರಾಳ?' ಎಂದು ಕೇಳಿ.

ಆಮೇಲೆ ಇನ್ನೊಬ್ಬರನ್ನು ಬೇರೆಯಾಗಿ, ಎರಡು ನಿಮಿಷ. ಯಾಕೆ ಮಾಡಿದೆ ಎಂಬ ಪ್ರಶ್ನೆಗೆ ಆರು ವರ್ಷದವರಲ್ಲಿ ಉತ್ತರವಿರುವುದಿಲ್ಲ, ಸುಳ್ಳು ಹುಟ್ಟುತ್ತದೆ ಅಷ್ಟೆ. ಏನಾಯಿತು, ಅವಳಿಗೆ ಹೇಗಾಯಿತು, ಸರಿಮಾಡಲು ಏನು ಮಾಡುತ್ತೀ ಎಂದು ಕೇಳಿ. 'ಸಾರಿ ಹೇಳು' ಎಂದು ಹಿಡಿದು ನಿಲ್ಲಿಸಬೇಡಿ. ಮಕ್ಕಳು ಸಾರಿಯನ್ನು ಟಿಕೆಟ್ಟಿನಂತೆ ಬಳಸಲು ಬೇಗ ಕಲಿಯುತ್ತಾರೆ. ಕಟ್ಟಿದ್ದನ್ನು ಕೆಡವಿದ್ದರೆ ಕಟ್ಟಿಕೊಡಲಿ, ಟೋಪಿ ಎಸೆದಿದ್ದರೆ ತಂದು ಕೊಡಲಿ, ಅದೂ ಇನ್ನೊಂದು ಮಗು ಒಪ್ಪಿದರೆ ಮಾತ್ರ.

ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವುದು, ಅಥವಾ ಬೇರೆ ಮಕ್ಕಳನ್ನು ಪಂಚಾಯ್ತಿಗೆ ಬಿಡುವುದು ಜಗಳಕ್ಕೆ ಸರಿ, ಕಾಟಕ್ಕೆ ಅಲ್ಲ. ಬಲ ಸಮವಿಲ್ಲದಲ್ಲಿ ರಾಜಿಯೆಂದರೆ ಸಣ್ಣವರು ಇನ್ನೊಮ್ಮೆ ಸೋಲುವುದು. ಮರಿಯಾ ಟೋಫಿ ಮತ್ತು ಡೇವಿಡ್ ಫ್ಯಾರಿಂಗ್ಟನ್ 2011ರಲ್ಲಿ ಹಲವು ಕಾರ್ಯಕ್ರಮಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಕ್ಕಳನ್ನೇ ಮುಂದೆ ಬಿಟ್ಟು ಬಗೆಹರಿಸುವ ಕ್ರಮಗಳಲ್ಲಿ ಕಾಟ ತಿನ್ನುವುದು ಕಡಿಮೆಯಾಗುವ ಬದಲು ಹೆಚ್ಚಾಗಿದ್ದು ಕಂಡಿತ್ತು. ಹಂತ 4ರ ಮೂರು ಮಾತು ಮಕ್ಕಳ ಪಾಲು. ತೀರ್ಪು, ಪರಿಹಾರ ದೊಡ್ಡವರ ಪಾಲು.

ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೊಂದ ಮಗುವನ್ನು ಯಾರಿಗೂ ಕಾಣದಂತೆ ಮತ್ತೆ ಕೇಳಿ. ನಾವು ಮರೆಯುವುದು ಇದನ್ನೇ. ತೊದಲುವ, ಕುಂಟುವ, ಬೇರೆ ಭಾಷೆಯಾಡುವ, ಮೊನ್ನೆಯಷ್ಟೇ ಶಾಲೆಗೆ ಸೇರಿದ ಮಕ್ಕಳನ್ನು ಯಾವ ಘಟನೆಯೂ ಇಲ್ಲದಾಗಲೂ ಕೇಳುತ್ತಿರಿ. ಮಗು ಶಾಲೆಗೇ ಬರಲೊಲ್ಲದಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ, ಮೈಮೇಲೆ ಗುರುತಿದ್ದರೆ ಹೊತ್ತು ಮಾಡದೆ ಮುಖ್ಯಶಿಕ್ಷಕರಿಗೆ ಮತ್ತು ಮನೆಯವರಿಗೆ ತಿಳಿಸಿ, ಆಪ್ತಸಲಹೆಗಾರರ ನೆರವು ಪಡೆಯಿರಿ.

ಮನೆಯವರೊಂದಿಗೆ ಮಾತು ಸುಲಭವಲ್ಲ. ನೊಂದ ಮಗುವಿನ ಮನೆಯಲ್ಲಿ 'ನೀನೂ ಎರಡು ಬಿಡು' ಎಂದು ಹೇಳಿಕೊಟ್ಟಿರುತ್ತಾರೆ. ಬಲ ಕಡಿಮೆಯಿರುವ ಮಗು ತಿರುಗಿ ಹೊಡೆದರೆ ಸಿಗುವುದು ಇನ್ನೂ ನಾಲ್ಕು ಏಟು ಎಂದು ಬಿಡಿಸಿ ಹೇಳಿ, ಮೂರು ಮಾತನ್ನು ಅವರಿಗೂ ಕಲಿಸಿ. ಕಾಟ ಕೊಟ್ಟ ಮಗುವಿನ ಮನೆಯವರಿಗೆ ಕಂಡದ್ದನ್ನಷ್ಟೇ ಹೇಳಿ, ಮಗುವಿನ ಒಂದು ನಿಜವಾದ ಒಳ್ಳೆಯ ಗುಣದಿಂದ ಮಾತು ಶುರು ಮಾಡಿ. ಆ ಗುಣ ನಿಮಗೆ ಹೊಳೆಯದಿದ್ದರೆ ಇನ್ನೂ ಎರಡು ದಿನ ಮಗುವನ್ನು ನೋಡಿ, ಆಮೇಲೆ ಅವರನ್ನು ಕರೆಯಿರಿ.

ಹಂತ 9: ಮತ್ತೆ ಅದೇ ನಕ್ಷೆ

ಮೂರು ತಿಂಗಳ ಮೇಲೆ ನಕ್ಷೆಗೆ ಇನ್ನೊಮ್ಮೆ ಬಣ್ಣ ಹಚ್ಚಿಸಿ, ಮೂರು ಹೆಸರಿನ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ. ಪವಾಡ ಕಾಯಬೇಡಿ. ಹನ್ನಾ ಗ್ಯಾಫ್ನಿ, ಫ್ಯಾರಿಂಗ್ಟನ್ ಮತ್ತು ಟೋಫಿ 2019ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಕಲೆಹಾಕಿದಾಗ, ಇಂಥ ಕಾರ್ಯಕ್ರಮಗಳಿಂದ ಕಾಟ ಕೊಡುವುದು ಸುಮಾರು 19–20 ಶೇಕಡಾ, ಕಾಟ ತಿನ್ನುವುದು ಸುಮಾರು 15–16 ಶೇಕಡಾ ಇಳಿದದ್ದು ಕಂಡಿತು. ದೂರುಗಳ ಲೆಕ್ಕವನ್ನು ಮಾತ್ರ ನಂಬಬೇಡಿ. ಮೊದಲ ತಿಂಗಳು ದೂರು ಜಾಸ್ತಿಯಾಗುತ್ತದೆ, ಏಕೆಂದರೆ ಮಕ್ಕಳು ಹೇಳಲು ಕಲಿತಿರುತ್ತಾರೆ.

ಆ ವರ್ಷ ನನ್ನ ಎರಡನೇ ನಕ್ಷೆಯಲ್ಲಿ ನಲ್ಲಿಯ ಹತ್ತಿರ ಹಸಿರು ಬಂದಿತ್ತು, ಶೌಚಾಲಯದ ಹಾದಿ ಅರ್ಧ ಹಸಿರು ಅರ್ಧ ಕೆಂಪು. ಮೂಲೆಯ ಬೆಂಚು ಮಾತ್ರ ಇನ್ನೂ ಕೆಂಪಾಗಿತ್ತು, ನಾಲ್ಕು ಹಾಳೆಗಳಲ್ಲಿ. ಮರುದಿನ ಊಟದ ಹೊತ್ತಿಗೆ ನನ್ನ ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆದುಕೊಂಡು ಡಬ್ಬಿ ತೆರೆದೆ. ಆ ಹನ್ನೊಂದು ನಕ್ಷತ್ರದ ಹುಡುಗ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಬೆಂಚಿನ ತುದಿಗೆ ಸರಿದು ಜಾಗ ಮಾಡಿದ.